ಇಸ್ತ್ರಿ ಕೋಣೆಗೆ ಬಂದ ಮೂರು ಪ್ರಶ್ನೆ

ಏಯ್, ಆ ಕಡೆ ನಿಂತವರೆಲ್ಲ ಸ್ವಲ್ಪ ಈ ಕಡೆ ಬನ್ನಿ! ಬೈಕ್ ಆಫ್ ಮಾಡಿ, ಕಿವಿ ಆನ್ ಮಾಡಿ. ಇವತ್ತು ನನ್ನ ದೊಡ್ಡಮ್ಮನ ಕಥೆ. ಇಷ್ಟು ವರ್ಷ ಗುಟ್ಟಾಗಿತ್ತು. ಈಗ ಹೇಳು ಎಂದು ಅವಳೇ ಅಪ್ಪಣೆ ಕೊಟ್ಟಿದ್ದಾಳೆ.

ದೊಡ್ಡಮ್ಮ ಒಂದು ಮಿಷನರಿ ಗುರುಮಠದಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುತ್ತಿದ್ದಳು. ಹದಿನಾರು ಮಂದಿ ಬ್ರದರುಗಳು ಅಲ್ಲಿ ಪಾದ್ರಿಗಳಾಗಲು ಓದುತ್ತಿದ್ದರು. ದೀಕ್ಷೆಯಾದ ಮೇಲೆ ಯಾವ ದೇಶಕ್ಕೆ ಕಳಿಸಿದರೂ ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕಾದವರು. ಅವರ ಬಿಳಿ ನಿಲುವಂಗಿಗಳೆಲ್ಲ ದೊಡ್ಡಮ್ಮನ ಮೇಜು ದಾಟಿಯೇ ಹೋಗಬೇಕು. ಯಾರ ಕಾಲರ್ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಉಪವಾಸದ ದಿನ ಯಾರ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇರುತ್ತದೆ, ಎಲ್ಲ ಅವಳಿಗೆ ಗೊತ್ತು.

ಒಂದು ಬೆಳಿಗ್ಗೆ ಮಠದ ಮುಖ್ಯಸ್ಥರಾದ ರೆಕ್ಟರ್ ಫಾದರ್ ತಾವೇ ಇಸ್ತ್ರಿ ಕೋಣೆಗೆ ಬಂದು ಒಂದು ಲಕೋಟೆ ಕೊಟ್ಟರು.

"ಇದೇನ್ ಫಾದರ್, ನನ್ನ ಕೆಲಸದಿಂದ ತೆಗೀತಿದ್ದೀರಾ?"

"ಅಯ್ಯೋ, ಇಲ್ಲಮ್ಮ. ದೀಕ್ಷೆ ಕೊಡೋಕ್ಕೆ ಮುಂಚೆ, ಆ ಬ್ರದರನ್ನ ಹತ್ತಿರದಿಂದ ನೋಡಿದವರನ್ನ ಕೇಳೋದು ನಮ್ಮ ಪದ್ಧತಿ. ನಾಳೆ ಬೆಳಿಗ್ಗೆ ನಾವು ಕೂತು ತೀರ್ಮಾನ ಮಾಡ್ತೀವಿ. ಇವತ್ತೇ ಬರೆದು ಕೊಡಿ. ಯಾರ ಹತ್ರಾನೂ ಬಾಯಿ ಬಿಡಬೇಡಿ."

ಲಕೋಟೆಯಲ್ಲಿದ್ದದ್ದು ಚಪ್ಪಲಿ ಬ್ರದರ್ ಹೆಸರು. ಯಾವುದಾದರೂ ಕೋಣೆಯ ಮುಂದೆ ಚಪ್ಪಲಿ ಬಿಟ್ಟು, ಮರೆತು, ಬರಿಗಾಲಲ್ಲೇ ಮಠವೆಲ್ಲ ಸುತ್ತುವ ಮನುಷ್ಯ. ಹೆಸರಿನ ಕೆಳಗೆ ಮೂರು ಪ್ರಶ್ನೆ. ಇವರು ಪ್ರಾರ್ಥನೆ ಮಾಡುವವರೇ? ಸತ್ಯವಂತರೇ? ಗುರುವಾಗಲು ಯೋಗ್ಯರೇ?

ದೊಡ್ಡಮ್ಮನಿಗೆ ಇಸ್ತ್ರಿಪೆಟ್ಟಿಗೆ ಕೈಮೇಲೆ ಬಿದ್ದ ಹಾಗಾಯಿತು. ಯಾಕೆಂದರೆ ಎಂಟು ತಿಂಗಳ ಹಿಂದೆ ಅವಳ ಮಣಿಕಟ್ಟು ಉಳುಕಿತ್ತು. ಅಂದಿನಿಂದ ದಿನಾ ಸಂಜೆ ಆರಕ್ಕೆ, ಸರಿಯಾಗಿ ಪ್ರಾರ್ಥನೆಯ ಹೊತ್ತಿಗೇ, ಈ ಬ್ರದರ್ ಬಂದು ರಾಶಿ ಬಟ್ಟೆಗೆ ಇಸ್ತ್ರಿ ಹಾಕಿಕೊಡುತ್ತಿದ್ದರು. ಆ ಹೊತ್ತಲ್ಲಿ ಇವರು ದೇವಾಲಯದ ಅಟ್ಟದ ಮೇಲೆ ಒಬ್ಬರೇ ಕೂತು ಧ್ಯಾನಿಸುತ್ತಾರೆ ಎಂದು ಉಳಿದವರೆಲ್ಲ ನಂಬಿದ್ದರು. ಬೇಡ, ಪ್ರಾರ್ಥನೆಗೆ ಹೋಗಿ ಎಂದು ಒಮ್ಮೆ ಅವಳು ಮೆಲ್ಲಗೆ ಅಂದಿದ್ದಳು. ಅದಕ್ಕೆ ಅವರು, "ಅಲ್ಲಿ ಕೂತ್ರೆ ನಂಗೇನೂ ಬರಲ್ಲಮ್ಮ. ಗೋಡೆ ನೋಡ್ತಿರ್ತೀನಿ. ಇಲ್ಲಾದ್ರೆ ನಾಲ್ಕು ಕಾಲರ್ ಆದ್ರೂ ನೆಟ್ಟಗಾಗತ್ತೆ," ಅಂದಿದ್ದರು.

ಈಗ ಏನು ಬರೆಯುವುದು? ನಿಜ ಬರೆದರೆ ಆ ಹುಡುಗನ ದೀಕ್ಷೆಗೆ ಕಲ್ಲು. ಸುಳ್ಳು ಬರೆದರೆ ದೇವರ ಮನೆಯಲ್ಲೇ ಸುಳ್ಳು.

ಬಾಯಿ ಬಿಡಬಾರದ ಗುಟ್ಟು ಮಧ್ಯಾಹ್ನದ ಊಟಕ್ಕೇ ದೊಡ್ಡಪ್ಪನ ಕಿವಿ ಸೇರಿತು. ಅವರು ಬಿದ್ದು ಬಿದ್ದು ನಕ್ಕರು.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ನೋಡು, ಪೂಜಾರಿ ಆಗೋಕ್ಕೇ ಇಸ್ತ್ರಿಯವಳು ವರ ಕೊಡಬೇಕಂತೆ!"

"ನಗಾಡ್ಬೇಡಿ ರೀ. ನನ್ನ ಕೈ ನೋವು ನೋಡಿ ಬಂದ್ರಲ್ಲ, ಅದು ಪುಣ್ಯ ತಾನೆ?"

"ಪುಣ್ಯವೇ."

"ಹೇಳದೆ ಪ್ರಾರ್ಥನೆ ತಪ್ಪಿಸಿಕೊಂಡು ಬಂದ್ರಲ್ಲ, ಅದು?"

"ಅದು ಪಾಪ."

"ಎರಡೂ ಸೇರಿದ್ರೆ ಏನಾಗತ್ತೆ?"

ದೊಡ್ಡಪ್ಪ ತಟ್ಟೆಯನ್ನು ಅವಳ ಕಡೆ ತಳ್ಳಿದರು. "ಊಟ ಆರ್ತಿದೆ, ಮೊದ್ಲು ಉಣ್ಣು."

ಸಂಜೆ ಆರಕ್ಕೆ ಬ್ರದರ್ ಬಂದಾಗ ದೊಡ್ಡಮ್ಮ ಕೋಣೆಗೆ ಬೀಗ ಹಾಕಿ ನಿಂತಿದ್ದಳು.

"ಯಾಕಮ್ಮ, ಬಟ್ಟೆ ಇಲ್ವಾ?"

"ಕೈ ವಾಸಿ ಆಗಿದೆ. ನಡೀರಿ ಬ್ರದರೇ ಪ್ರಾರ್ಥನೆಗೆ. ನಾನೂ ಬರ್ತೀನಿ."

ಅವರು ಮಡಿಸಿದ್ದ ತೋಳು ಇಳಿಸಿಕೊಂಡು ಹೊರಟರು. ದೊಡ್ಡಮ್ಮ ಅವರ ಹಿಂದಿನ ಬೆಂಚಿನಲ್ಲೇ ಕೂತು, ಪರೀಕ್ಷೆಯಲ್ಲಿ ಕಾಪಿ ಹಿಡಿಯುವ ಮೇಷ್ಟ್ರ ಹಾಗೆ ಕಣ್ಣಿಟ್ಟಳು. ಅವರು ಚಾವಣಿ ನೋಡಿದರು, ಗೋಡೆ ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಒಮ್ಮೆ ಭುಜ ಅಲುಗಿತು. ಅತ್ತರೋ, ಆಕಳಿಸಿದರೋ, ಹಿಂದಿನಿಂದ ತಿಳಿಯಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಬರೆದಳು.

ಮೊದಲನೆಯದಕ್ಕೆ: "ಇವತ್ತು ಒಂದು ಗಂಟೆ ಕೂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ, ನನ್ನ ಪ್ರಾರ್ಥನೆಯೂ ಆಗಲಿಲ್ಲ."

ಎರಡನೆಯದಕ್ಕೆ: "ನನ್ನ ಹತ್ತಿರ ಸುಳ್ಳು ಹೇಳಿಲ್ಲ. ಎಂಟು ತಿಂಗಳು ಸಂಜೆ ಪ್ರಾರ್ಥನೆ ಬಿಟ್ಟು ಇಲ್ಲಿ ಇಸ್ತ್ರಿ ಹಾಕಿದರು. ನಾನು ಬೇಡ ಅಂದೆ, ಆದರೆ ಗಟ್ಟಿಯಾಗಿ ಅನ್ನಲಿಲ್ಲ."

ಮೂರನೆಯದಕ್ಕೆ "ಗೊತ್ತಿಲ್ಲ" ಎಂದು ಬರೆದಳು. ಹೊಡೆದು ಹಾಕಿದಳು. ಮತ್ತೆ ಬರೆದಳು: "ನಾನು ಸಾಯುವಾಗ ಕೊನೆಯ ಪ್ರಾರ್ಥನೆ ಹೇಳಿ ಹಣೆಗೆ ಎಣ್ಣೆ ಹಚ್ಚುವ ಗುರುವಾಗಿ ಇವರು ಬಂದರೆ ನನಗೆ ಸಾಕು."

ರೆಕ್ಟರ್ ಕೋಣೆಗೆ ಬೀಗವಿತ್ತು. ಲಕೋಟೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಗಕ್ಕನೆ ನಿಂತಳು. ಆ ಎಂಟು ತಿಂಗಳ ಮಾತು! ಕೈಯಾರೆ ಹುಡುಗನ ಬದುಕು ಕೆಡಿಸಿದೆನೇ? ಓಡಿಬಂದು ಬೆರಳು ಹಾಕಿದಳು, ಸಿಗಲಿಲ್ಲ. ಮೂಲೆಯ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ನೆಲಕ್ಕೆ ಬೋರಲು ಮಲಗಿ ಎಳೆಯತೊಡಗಿದಳು. ಲಕೋಟೆಯ ಒಂದು ತುದಿ ಈಚೆ ಇಣುಕಿತು.

"ಅಮ್ಮಾ, ಬಿದ್ರಾ?"

ಬರಿಗಾಲು ಎರಡು ಅವಳ ಮೂಗಿನ ಪಕ್ಕ ನಿಂತಿದ್ದವು. ಚಪ್ಪಲಿ ಬ್ರದರ್.

"ಏನೋ ಒಳಗೆ ಹೋಯ್ತಾ? ಸರೀರಿ, ಕೈ ನೋಯಿಸ್ಕೋಬೇಡಿ. ನಾನು ತೆಗೆದು ಕೊಡ್ತೀನಿ," ಎಂದು ಅವರು ಮಂಡಿಯೂರಿದರು.

ದೊಡ್ಡಮ್ಮ ಅವರ ಮುಖ ನೋಡಿದಳು. ಬಾಗಿಲು ನೋಡಿದಳು. ಆಮೇಲೆ ಕಡ್ಡಿ ತಿರುಗಿಸಿ ಲಕೋಟೆಯನ್ನು ಪೂರ್ತಿ ಒಳಕ್ಕೆ ತಳ್ಳಿಬಿಟ್ಟಳು.