ಟ್ಯೂಬಿಗೆ ಮುಚ್ಚಿದ ಕೊಡೆಬಟ್ಟೆ

ಹಳೆಯ ಕೊಡೆಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದೆ. ಇವತ್ತು ಬೆಳಿಗ್ಗೆ ಬ್ರಹ್ಮಾವರದ ನಮ್ಮ ಲ್ಯಾಬಿನಲ್ಲಿ ಟ್ಯೂಬುಗಳಿಗೆ ಅದನ್ನು ಹೊದೆಸುವಾಗ ನಾನು ಓದಿದ ಕಾಲೇಜಿನ ಲ್ಯಾಬ್ ಅಟೆಂಡರ್ ನೆನಪಾದರು. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಉಪ್ಪು ತಾಗಿ ತಾಗಿ ಕಪ್ಪಾದ ಅವರ ಬೆರಳುಗಳು...

ಕುಂದಾಪುರದಲ್ಲಿ ಎಂ.ಎಸ್ಸಿ. ಓದುವಾಗ ನಾನು ಪಾಲಿಮರಿನ ತೆಳು ಹಾಳೆಯೊಳಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಸೇರಿಸುತ್ತಿದ್ದೆ. ಅಂಥ ಹಾಳೆಯಲ್ಲಿ ಕಟ್ಟಿಟ್ಟ ಎಣ್ಣೆತಿಂಡಿ ಬೇಗ ಕಮಟಾಗಬಾರದು ಎಂಬುದು ಆಸೆ. ಪರೀಕ್ಷೆ ಸುಲಭ. ನೇರಳೆ ದ್ರಾವಣಕ್ಕೆ ಹಾಳೆಯ ಚೂರು ಹಾಕಬೇಕು. ಹಾಳೆಗೆ ಕಮಟು ತಡೆಯುವ ಗುಣವಿದ್ದರೆ ನೇರಳೆ ಹಳದಿಯಾಗುತ್ತದೆ. ಪಕ್ಕದಲ್ಲಿ ಹಾಳೆ ಹಾಕದೆ ದ್ರಾವಣ ಮಾತ್ರವಿರುವ ಒಂದು ಬರೀ ಟ್ಯೂಬ್, ಅದು ನೇರಳೆಯಾಗಿಯೇ ಉಳಿಯಬೇಕು. ಬೆಳಕು ಬಿದ್ದರೂ ಬಣ್ಣ ಹೋಗುವುದರಿಂದ ಅಟೆಂಡರ್ ತಮ್ಮ ಮುರಿದ ಕೊಡೆಯ ಬಟ್ಟೆ ತಂದು ಮುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಫೋಟೊ ಚೆಂದ ಬರಲೆಂದು ನಾನೇ ಬಟ್ಟೆ ತೆಗೆದು ಟ್ಯೂಬುಗಳನ್ನು ಕಿಟಕಿಯ ಬಿಸಿಲಿಗಿಟ್ಟೆ. ಮರೆತು ಊಟಕ್ಕೆ ಹೋದೆ. ಬಂದಾಗ ಎಲ್ಲವೂ ಹಳದಿ. ನಾನು ಕುಣಿಯುವುದೊಂದು ಬಾಕಿ.

"ಕಾಣ್ ಮಗಾ, ಬರೀ ಟ್ಯೂಬಿಂದೂ ಬಣ್ಣ ಹೋಯ್ತಲೆ," ಎಂದರು ಅಟೆಂಡರ್, ಮೆಲ್ಲಗೆ.

ಬಣ್ಣ ತೆಗೆದದ್ದು ಹಾಳೆಯಲ್ಲ, ಬಿಸಿಲು. ಮತ್ತೆ ಹಾಳೆ ಮಾಡೋಣವೆಂದರೆ ಬೆಳ್ಳಿಯ ಉಪ್ಪು ಮುಗಿದಿತ್ತು, ವರದಿ ಕೊಡಲು ಎರಡೇ ದಿನ. ಬಟ್ಟೆ ತೆಗೆದವರು ಯಾರೆಂದು ಗೈಡ್ ಸರ್ ಗದರಿದಾಗ, ಅಟೆಂಡರ್ ಎದುರಿಗೇ ನಿಂತಿದ್ದರೂ, ನಾನು ಹೇಳಿಬಿಟ್ಟೆ: "ಅಟೆಂಡರ್ ಮುಚ್ಚಿರಲಿಲ್ಲ ಸರ್."

ಅಟೆಂಡರ್ ನನ್ನ ಕೈಯ ಮೊಬೈಲನ್ನೊಮ್ಮೆ ನೋಡಿದರು. "ಹೌದ್ ಸರ್... ಮರ್ತ್ ಹೋಯ್ತ್," ಎಂದರು.

ನನಗೆ ಇನ್ನೊಂದು ವಾರ ಸಿಕ್ಕಿತು. ಅವರನ್ನು ಲ್ಯಾಬಿನಿಂದ ತೆಗೆದು ಗೇಟು ಕಾಯಲು ಹಾಕಿದರು. ದಿನಾ ಬೆಳಿಗ್ಗೆ ಅಲ್ಲಿಂದಲೇ, "ಹಾಳೆ ಎಂತಾಯ್ತ್ ಮಗಾ?" ಎಂದು ನಗುತ್ತ ಕೇಳುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ತಿಳಿದು ವಂಡ್ಸೆಯ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಆ ಹುಡುಗಿ ನಾನೇ ಎಂದು ತಿಳಿಯದ ಅವರ ಹೆಂಡತಿ ಚಾ ಕೊಡುತ್ತ, "ಬಟ್ಟಿ ಮುಚ್ಚುಕೆ ನಂಗೇ ಮರ್ತ್ ಹೋಯ್ತ್ ಅಂತಿದ್ರ್. ಒಂದ್ ಹೆಣ್ಣಿನ್ ಕೆಲ್ಸ ಹಾಳಾಯ್ತ್ ಅಂದೇಳಿ ಸಾಯುವರಿಗೂ ಬೇಜಾರ್ ಮಾಡ್ಕಂಡಿದ್ರ್," ಎಂದರು. ಮನೆಯಲ್ಲೂ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು... ತಲೆ ತಗ್ಗಿಸಿ ಚಾ ಕುಡಿದು, "ಬತ್ತೆ ಅಮ್ಮ" ಎಂದು ಎದ್ದು ಬಂದೆ.

ಈಗ ಬಟ್ಟೆಯ ಅಂಚು ಎತ್ತಿ ಎರಡು ಸಲ ನೋಡಿದೆ. ಬರೀ ಟ್ಯೂಬ್ ನೇರಳೆಯಾಗಿಯೇ ಇದೆ. ಹಿಂದಿನಿಂದ "ಕಾಣ್ ಮಗಾ" ಎಂದಂತಾಗಿ ತಿರುಗಿದರೆ ಯಾರೂ ಇಲ್ಲ. ಅವರಿಲ್ಲ. ವಂಡ್ಸೆಯಲ್ಲಿ ಅವರ ಹೆಂಡತಿ ಮಾತ್ರ, ತಪ್ಪು ತನ್ನ ಗಂಡನದೇ ಎಂದು ಇನ್ನೂ ನಂಬಿಕೊಂಡಿದ್ದಾರೆ.