ಗುಂಡಕ್ಕನ ಓರೆಮಣೆ

ಆಳು ಕಡ್ಡಿ, ಹೆಸರು ಗುಂಡಕ್ಕ. ಆ ಹೆಸರು ಮೈ ನೋಡಿ ಬಂದದ್ದಲ್ಲ, ಕಸುಬು ನೋಡಿ ಬಂದದ್ದು. ಅಣುವಿನ ರಚನೆ ತೋರಿಸಲು ಶಾಲೆಗಳಲ್ಲಿ ಮರದ ಗುಂಡುಗಳ ಪೆಟ್ಟಿಗೆ ಇರುತ್ತದಲ್ಲ, ಅದನ್ನು ತಯಾರಿಸುವ ಪುಟ್ಟ ಕಾರ್ಖಾನೆ ಅವಳ ಅಪ್ಪನದು. ಅಪ್ಪ ಹೋದಮೇಲೆ ಅದು ಅಕ್ಕತಮ್ಮ ಇಬ್ಬರದೂ ಎಂದು ಬೋರ್ಡು ಹೇಳುತ್ತಿತ್ತು. ಬೋರ್ಡಿಗೇನು, ಬರೆಸಿದವನು ಹೇಳಿದ್ದನ್ನು ಹೇಳುತ್ತದೆ.

ಗುಂಡಿಗೆ ತೂತು ಕೊರೆಯುವುದು ಅವಳ ಕೆಲಸ. ಬಿಳಿಯದು ಜಲಜನಕ, ಒಂದೇ ತೂತು. ಕೆಂಪು ಆಮ್ಲಜನಕಕ್ಕೆ ಎರಡು. ಕಪ್ಪು ಇಂಗಾಲಕ್ಕೆ ನಾಲ್ಕು. ತೂತಿನಿಂದ ತೂತಿಗೆ ಎಷ್ಟು ಓರೆ ಇರಬೇಕೆಂಬುದಕ್ಕೆ ಅಪ್ಪ ಒಂದು ಓರೆಮಣೆ ಮಾಡಿಟ್ಟಿದ್ದ: ಒಂದು ಪಕ್ಕ ಇಳಿಜಾರಾಗಿ ಕತ್ತರಿಸಿ, ನಡುವೆ ಗುಳಿ ತೋಡಿದ ಮರದ ತುಂಡು. ಗುಂಡನ್ನು ಅದರಲ್ಲಿ ಕೂರಿಸಿ ಡ್ರಿಲ್ಲು ಇಳಿಸಿದರೆ ತೂತು ಬೀಳಬೇಕಾದಲ್ಲೇ ಬೀಳುತ್ತಿತ್ತು. ಅವಳ ಹೆಬ್ಬೆರಳು ಒತ್ತಿ ಒತ್ತಿ ಅದರ ಅಂಚು ನುಣುಪಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ತಮ್ಮ, "ಅಕ್ಕ ಹೋದ್ರೆ ಬಾಗಿಲು ಹಾಕೋದೇ" ಎನ್ನುತ್ತಿದ್ದ. ಅವಳಿಗೆ ಅದು ಪ್ರೀತಿಯ ಹಾಗೆ ಕೇಳಿಸುತ್ತಿತ್ತು.

ಗುಂಡುಗಳನ್ನು ಕೂಡಿಸುವ ಸಾಮಾನು ತಮ್ಮನ ಪಾಲು. ಏಕಬಂಧಕ್ಕೆ ಒಂದು ಕಡ್ಡಿ, ದ್ವಿಬಂಧಕ್ಕೆ ಬಾಗುವ ಎರಡು ಸ್ಪ್ರಿಂಗು. ಒಂದು ವರ್ಷ ಅವನು ಕಾಸು ಉಳಿಸಲು ಸ್ಪ್ರಿಂಗು ಬಿಟ್ಟು ಬರೀ ಕಡ್ಡಿ ತುಂಬಿಸಿದ. "ಒಂದು ಕಡ್ಡಿಗೂ ನಿಲ್ಲತ್ತೆ ತಾನೆ? ಬೀಳಲ್ವಲ್ಲ!"

ಬೀಳಲಿಲ್ಲ, ನಿಜ. ಆದರೆ ವಿಜ್ಞಾನದ ಟೀಚರೊಬ್ಬರು ಬಂದರು. ಕೈಯಲ್ಲಿ ಎರಡು ಕೆಂಪು ಗುಂಡು, ನಡುವೆ ಒಂದೇ ಕಡ್ಡಿ. ಎರಡೂ ಗುಂಡಿನಲ್ಲಿ ಒಂದೊಂದು ತೂತು ಬಾಯಿ ಬಿಟ್ಟುಕೊಂಡಿತ್ತು.

"ಏನ್ ಸರ್ ಇದು? ಇಬ್ಬರೂ ಒಂದೊಂದು ಎಲೆಕ್ಟ್ರಾನ್ ಹಾಕಿ ಹಂಚ್ಕೊಂಡ್ರೆ ಏಕಬಂಧ, ಎರಡೆರಡು ಹಾಕಿದ್ರೆ ದ್ವಿಬಂಧ. ಆಮ್ಲಜನಕದ್ದು ದ್ವಿಬಂಧ ಅಂತ ನಾನು ಪಾಠ ಮಾಡ್ತೀನಿ. ಮಕ್ಕಳು, 'ಮಿಸ್, ಇನ್ನೊಂದು ಕೈ ಯಾಕೆ ಬಿಟ್ಟಿದಾರೆ, ಜಗಳ ಆಯ್ತಾ?' ಅಂತಾವೆ!"

ಒಬ್ಬರೇ ಹಾಕಿ ಇಬ್ಬರು ಹಂಚಿಕೊಳ್ಳುವ ಏರ್ಪಾಡೂ ಉಂಟೆಂದು ಹೇಳಲು ಗುಂಡಕ್ಕನ ನಾಲಿಗೆ ತುದಿಗೆ ಬಂದಿತ್ತು. ಇನ್ನೊಂದು ಗುಂಡಿಗೆ ಡ್ರಿಲ್ಲು ಇಳಿಸಿದಳು.

ಟೀಚರು ಮೆಟ್ಟಿಲಿಳಿದದ್ದೇ ತಮ್ಮ ಉಪಾಯ ಹೇಳಿದ. "ಅಕ್ಕಾ, ಕೆಂಪಿಗೆ ಎರಡೂ ತೂತು ಪಕ್ಕಪಕ್ಕ ನೆಟ್ಟಗೆ ಕೊರಿ. ಎರಡು ಕಡ್ಡಿ ಸಲೀಸಾಗಿ ಹೋಗತ್ತೆ. ಸ್ಪ್ರಿಂಗಿನ ರಗಳೆನೇ ಇಲ್ಲ."

"ಆಮೇಲೆ ನೀರು ಹೇಗೆ ಮಾಡ್ತಾರೋ? ಎರಡು ಜಲಜನಕನೂ ಒಂದೇ ಕಡೆ ತಲೆ ಗುದ್ದಿಕೊಳ್ತಾವೆ."

"ಮರದ ನೀರನ್ನ ಯಾರಕ್ಕ ಕುಡೀತಾರೆ?"

"ಅಪ್ಪನ ಅಳತೆ ಕಣೋ ಅದು."

"ಅಪ್ಪ ಗೋಡೆ ಮೇಲಿದಾರೆ. ಕೆಳಗಿರೋನು ನಾನು."

ಅವಳು ಓರೆಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಸ್ಟೂಲಿನ ಕೆಳಗಿಟ್ಟು ನೆಟ್ಟಗೆ ಕೊರೆದಳು. ಆಮ್ಲಜನಕ ಸರಿಹೋಯಿತು, ನೀರು ಕೆಟ್ಟಿತು. ಇಂಗಾಲದ ಜೊತೆಗಂತೂ ಕೆಂಪು ಗುಂಡು ಎರಡು ಕಡ್ಡಿ ಹಾಕಿದರೆ ಕೂಡಲೇ ಇಲ್ಲ. ಇದರ ತೂತು ನೆಟ್ಟಗೆ, ಅದರ ತೂತು ಓರೆ; ಜಾತಕ ಕೂಡಿದರೂ ಮುಖ ಕೂಡದ ಬೀಗರ ಹಾಗೆ. ಬಂದ ದಾರಿಗೆ ಸುಂಕವಿಲ್ಲವೆಂದು ಪೆಟ್ಟಿಗೆಗಳೆಲ್ಲ ಶಾಲೆಗಳಿಂದ ವಾಪಸು ಬಂದವು. ಹಿಂದೆಯೇ ಟೀಚರೂ ಬಂದರು.

ತಮ್ಮ ಅವರಿಗೆ ಕುರ್ಚಿ ಎಳೆದು ದನಿ ತಗ್ಗಿಸಿದ. ಸಾಲುವಷ್ಟು ತಗ್ಗಿಸಲಿಲ್ಲ. "ಏನ್ ಮಾಡ್ಲಿ ಟೀಚರ್, ನಮ್ಮಕ್ಕನಿಗೆ ಕಣ್ಣು ಕಾಣಲ್ಲ. ವಯಸ್ಸಾಯ್ತು. ಮನೆಯವಳು ಅಂತ ಇಟ್ಕೊಂಡಿದೀನಿ."

ಗುಂಡಕ್ಕ ಮಷೀನು ನಿಲ್ಲಿಸಿದಳು. ತಮ್ಮ ಒಂದು ಸಲ ಈ ಕಡೆ ತಿರುಗಿ ನೋಡಲಿ ಎಂದು ಕಾದಳು. ತಿರುಗಿದ್ದು ಟೀಚರು. "ಪಾಪ" ಎಂದರು. ಗಾಯಕ್ಕೆ ಉಪ್ಪು ಸವರಲು ಕೆಲವರಿಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು.

ಮರುವಾರ ಸ್ಪ್ರಿಂಗು ವಾಪಸು ಬಂತು. ಡ್ರಿಲ್ಲಿನ ಮುಂದೆ ಹೊಸ ಕೆಲಸಗಾರ ನಿಂತ. ಗುಂಡಕ್ಕ ತನ್ನ ಸ್ಟೂಲನ್ನೂ ಬಟ್ಟೆಗಂಟನ್ನೂ ಎತ್ತಿಕೊಂಡು ಪ್ಯಾಕಿಂಗ್ ಮೇಜಿಗೆ ಹೋದಳು. ಅವಳನ್ನು ಯಾರೂ ಹೋಗೆನ್ನಲಿಲ್ಲ, ನಿಲ್ಲಲು ಜಾಗ ಬಿಡಲಿಲ್ಲ, ಅಷ್ಟೆ.

"ಸರ್, ಗುಂಡನ್ನ ಓರೆಗೆ ಕೂರಿಸೋಕೆ ಏನಾದ್ರೂ ಇದೆಯಾ? ಕೈಯಲ್ಲಿ ಹಿಡಿದ್ರೆ ಜಾರತ್ತೆ" ಎಂದ ಹೊಸಬ.

ತಮ್ಮ ಡ್ರಾಯರು ಎಳೆದ, ಕಪಾಟು ತಡಕಿದ, ಕಾಲಲ್ಲಿ ಮರದ ಹೊಟ್ಟು ಕೆದಕಿದ. ಕೊನೆಗೆ ಬೆವರೊರೆಸಿಕೊಳ್ಳುತ್ತ ಮೇಜಿನ ಬಳಿ ಬಂದ.

"ಅಕ್ಕಾ, ಅಪ್ಪನ ಓರೆಮಣೆ ಎಲ್ಲಿಟ್ಟೆ? ಈ ಸಲನೂ ಮಾಲು ಕೆಟ್ರೆ ಒಂದು ಶಾಲೆನೂ ಉಳಿಯಲ್ಲ. ಬಾಗಿಲು ಹಾಕೋದೇ."

ಬಾಗಿಲು ಹಾಕಿದರೆ ತಾನೂ ಹೊರಗೇ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಸ್ಟೂಲಿನ ಕೆಳಗೆ ಅವಳ ಎರಡು ಪಾದವೂ ಬಟ್ಟೆಗಂಟಿನ ಮೇಲಿದ್ದವು. ಬಟ್ಟೆಯ ಮೇಲಿಂದಲೂ ಗುಳಿ ಕಾಲಿಗೆ ಸಿಗುತ್ತಿತ್ತು. ಅವಳು ಎರಡು ಸ್ಪ್ರಿಂಗು ಆರಿಸಿ, ಎಳೆದು ನೋಡಿ, ಪೆಟ್ಟಿಗೆಯಲ್ಲಿ ಕೆಂಪು ಗುಂಡುಗಳ ಪಕ್ಕ ಮಲಗಿಸಿದಳು.

"ನಂಗೆ ಕಣ್ಣು ಕಾಣಲ್ವಲ್ಲಪ್ಪ" ಎಂದಳು. "ನೀನೇ ಹುಡುಕ್ಕೋ."