ಮುನಿರಾಜು ಮೇಷ್ಟ್ರು ಕಿತ್ತ ವೈರು

ಯಾರ ಪ್ರೋಗ್ರಾಂ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಮುನಿರಾಜು ಮೇಷ್ಟ್ರು ಮೆಲ್ಲಗೆ ಬಗ್ಗಿ ಇಂಟರ್‌ನೆಟ್ ವೈರನ್ನು ಕಿತ್ತುಬಿಡುತ್ತಿದ್ದರು. ಆಮೇಲೆ ಕೈಕಟ್ಟಿ ನಿಂತು, ಮಲಗಿದ ಮಗು ಏಳುವುದನ್ನು ಕಾಯುವವರ ಹಾಗೆ ಸ್ಕ್ರೀನನ್ನೇ ನೋಡುತ್ತಿದ್ದರು.

ಬಿನ್ನಿಪೇಟೆಯ ಮಿಲ್ ಕಾರ್ಮಿಕರೊಬ್ಬರ ಮಗ ಅವರು. ವೈಯಾಲಿಕಾವಲ್‌ನ ಒಂದು ಮಹಡಿಯಲ್ಲಿ ಸಂಜೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ರಿಟೈರಾದ ಇಂಗ್ಲಿಷ್ ಟೀಚರ್ ನಾನು, ಅರವತ್ತೆಂಟನೆಯ ವಯಸ್ಸಿಗೆ ಅಲ್ಲಿ ಸ್ಟೂಡೆಂಟ್ ಆದೆ. ಕಿಟಕಿಯಾಚೆ ಹೊಂಗೆಯ ಹೂ ಉದುರುತ್ತಿತ್ತು. ಕೀಬೋರ್ಡಿನ ಸದ್ದು ಯಾವುದು, ಹೂವಿನದು ಯಾವುದು ಎಂದು ತಿಳಿಯದಂಥ ಸಾಫ್ಟ್ ಸಂಜೆಗಳು.

ಚಾಮರಾಜಪೇಟೆಯ ಒಂದು ಧರ್ಮಾಸ್ಪತ್ರೆಗೆ ನಾನೊಂದು ಪ್ರೋಗ್ರಾಂ ಬರೆದೆ. ಇನ್ಸುಲಿನ್ ಇಡುವ ಫ್ರಿಜ್ ಬಿಸಿಯಾದರೆ ನರ್ಸ್ ಜಯಮ್ಮನ ಫೋನಿಗೆ ಮೆಸೇಜ್ ಹೋಗಬೇಕು. ಮೇಷ್ಟ್ರು ನೋಡಲು ಬಂದರು. ವೈರು ಕಿತ್ತರು, ಫ್ರಿಜ್ ಬಾಗಿಲು ತೆರೆದಿಟ್ಟರು. ಜಯಮ್ಮನ ಫೋನ್ ಸುಮ್ಮನಿತ್ತು. ಸ್ಕ್ರೀನ್ ಮೇಲೆ ಹಸಿರು ಅಕ್ಷರದಲ್ಲಿ ‘ಎವೆರಿಥಿಂಗ್ ಫೈನ್’.

“ಮೆಸೇಜ್ ಹೋಗ್ಲಿಲ್ಲ ಅನ್ನೋ ಎರರ್‌ನ ಹಿಡಿದಿದೀರಿ, ಸರಿ. ಹಿಡಿದು ಏನ್ ಮಾಡಿದ್ರಿ ಮೇಡಂ?”

ಏನೂ ಮಾಡಿರಲಿಲ್ಲ. ಎರರ್ ಬಂದರೆ ಮುಂದೇನು ಮಾಡಬೇಕೆಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳ ಕೆಂಪು ಇಂಕಿಗೆ ಹೆದರಿ ಬೆಳೆದವಳು ನಾನು; ಸ್ಕ್ರೀನಿನ ಕೆಂಪಕ್ಷರ ಮಾಯವಾದರೆ ತಪ್ಪೂ ಹೋಯಿತೆಂದುಕೊಂಡಿದ್ದೆ.

“ನೋಡೋಕೆ ನೀಟಾಗಿರ್ಲಿ ಅಂತ…” ಎಂದೆ.

“ನೀಟಾಗೇ ಇದೆ. ಔಷಧಿ ಕೆಟ್ಟಿರೋದು ಮಾತ್ರ ಯಾರಿಗೂ ಗೊತ್ತಾಗಲ್ಲ. ಜನ ಅದನ್ನೇ ಚುಚ್ಚಿಸ್ಕೊಂಡು ಮನೆಗೆ ಹೋಗ್ತಾರೆ.”

“ಬೈಬೇಡಿ ಸಾರ್, ಪಾಪ, ವಯಸ್ಸಾದೋರು,” ಎಂದಳು ಜಯಮ್ಮ.

“ವಯಸ್ಸಾಗಿರೋದು ಅವರಿಗಮ್ಮ, ಪ್ರೋಗ್ರಾಮಿಗಲ್ಲ.”

ಮೆಸೇಜ್ ಹೋಗದಿದ್ದರೆ ಆಸ್ಪತ್ರೆ ಬಾಗಿಲ ಮೇಲಿನ ಕರೆಂಟ್ ಗಂಟೆ ತಾನಾಗಿ ಹೊಡೆದುಕೊಳ್ಳಬೇಕು ಎಂದು ಆ ಖಾಲಿ ಜಾಗದಲ್ಲಿ ನನ್ನ ಕೈಯಲ್ಲೇ ಬರೆಸಿದರು. ಮುಗಿಯುವವರೆಗೂ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

ಈ ಬೇಸಿಗೆಯ ಒಂದು ಮಧ್ಯಾಹ್ನ, ನೆಟ್ ಇಲ್ಲದ ಹೊತ್ತಿನಲ್ಲಿ, ಫ್ರಿಜ್ ಕೆಟ್ಟಿತು. ಗಂಟೆ ಹೊಡೆದುಕೊಂಡಿತು. ಪಕ್ಕದಂಗಡಿಯ ಟೈಲರ್ ಓಡಿಹೋಗಿ, ಊಟಕ್ಕೆ ಹೋಗಿದ್ದ ಜಯಮ್ಮನನ್ನು ಕರೆತಂದ. ಇನ್ಸುಲಿನ್ ಎಲ್ಲ ಐಸ್ ಪೆಟ್ಟಿಗೆ ಸೇರಿತು.

ಜಯಮ್ಮನಿಂದ ಸುದ್ದಿ ಕೇಳಿದ್ದೇ, ಮಂಪರಿನಲ್ಲಿದ್ದವಳಂತೆ ಮೇಷ್ಟ್ರ ನಂಬರ್ ಒತ್ತಿದೆ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಹೇಗೆ ಮರೆತೆನೋ. ಅವರ ಹೆಂಡತಿ ಫೋನ್ ಎತ್ತಿದರು.

“ಔಷಧಿ ಉಳೀತು ಅಂತ ಹೇಳೋಣ ಅಂತ…” ಎಂದೆ.

ಆ ಕಡೆ ಓಡುತ್ತಿದ್ದ ಮಿಕ್ಸಿ ನಿಂತಿತು.

“ಆಯ್ತು ಮೇಡಂ,” ಎಂದರು. “ಹೇಳ್ತೀನಿ.”